ಗೋಡೆಯ ತೇವ ಯಾರದು?

ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದ ದಿನ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಪಕ್ಷಗಳಾದವು. ಹಲವು ದಿನಗಳಿಂದ ಬಟ್ಟೆಗಳಿಗೆ ಅಂಟಿದ್ದ ಮುಗ್ಗಲು ವಾಸನೆಯ ಮೂಲ ಅಲ್ಲಿತ್ತು: ಹೊರಗೋಡೆಯ ಮೇಲೆ ಆಳೆತ್ತರಕ್ಕೆ ಹರಡಿದ ಕಪ್ಪು ಬೂಷ್ಟು. ಅದನ್ನು ನೋಡಲು ಬಂದ ಮಾಲೀಕರು, “ನೀವು ಕಿಟಕಿ ತೆರೆಯುವುದೇ ಇಲ್ಲವಲ್ಲ” ಎಂದರು. “ನಿಮ್ಮ ಗೋಡೆಯೇ ನೀರು ಕುಡಿಯುತ್ತಿದೆಯಲ್ಲ” ಎಂದು ನನ್ನ ಹೆಂಡತಿ ಉತ್ತರಿಸಿದಳು.

ಬೂಷ್ಟಿನ ಬೀಜಕಗಳು ಎಲ್ಲ ಮನೆಗಳ ಗಾಳಿಯಲ್ಲೂ ಇರುತ್ತವೆ. ಅವುಗಳ ಹೊಟ್ಟೆಪಾಡಿಗೆ ಕಾಗದ, ಮರ, ಬಣ್ಣದ ಮೇಲೆ ಕುಳಿತ ಧೂಳು ಯಾವುದಾದರೂ ಸಾಕು. ಬೇಕಾದದ್ದು ನೀರು ಮಾತ್ರ. ನೆನೆದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಅವು ತಲೆಯೆತ್ತುವುದಿಲ್ಲ. ಆದರೆ ಬೀರುವಿನ ಹಿಂದೆ ಗಾಳಿಯಾಡದು, ಹೊರಗೋಡೆಯೋ ಸದಾ ತಣ್ಣಗಿರುತ್ತದೆ. ನಾಲ್ವರ ಉಸಿರು, ಸ್ನಾನದ ಹಬೆ, ಕೋಣೆಯೊಳಗೇ ಹರವಿದ ಒದ್ದೆ ಬಟ್ಟೆಗಳ ಆವಿ ಎಲ್ಲವೂ ಆ ತಣ್ಣನೆಯ ಮೈಗೆ ತಾಗಿ ಹನಿಗಟ್ಟುತ್ತವೆ. ಮನೆಯೊಳಗಿನ ತೇವಾಂಶ ಶೇಕಡಾ 60ನ್ನು ಮೀರಬಾರದೆಂದು ಓದಿ ತಂದ ಅಳತೆಯ ಯಂತ್ರವು ಮೊದಲ ಬೆಳಿಗ್ಗೆಯೇ 78 ಎಂದು ತೋರಿಸಿದಾಗ, ಅದನ್ನು ಮಾಲೀಕರ ಕಣ್ಣಿಗೆ ಬೀಳದಂತೆ ಕಪಾಟಿನೊಳಗೆ ಇಟ್ಟೆನೆಂಬುದನ್ನು ಒಪ್ಪಿಕೊಳ್ಳಬೇಕು.

ಮಾಲೀಕರೂ ಏನನ್ನೋ ಮುಚ್ಚಿಟ್ಟಿದ್ದರು. ಸಾಬೂನು ನೀರಿನಿಂದ ಗೋಡೆಯನ್ನು ಉಜ್ಜಿದಾಗ ಬಣ್ಣದ ಪದರ ಸುಲಿದು, ಅದರಡಿಯಲ್ಲಿ ಇನ್ನೊಂದು ಹಳೆಯ ಬೂಷ್ಟು ಕಾಣಿಸಿತು. ತೇವದ ಕಾರಣವನ್ನು ಸರಿಪಡಿಸದೆ ಬಣ್ಣ ಬಳಿಯುವುದೆಂದರೆ ಮುಂದಿನ ಬಾಡಿಗೆದಾರರು ಬರುವವರೆಗಿನ ಉಪಾಯವಷ್ಟೇ. ಬ್ಲೀಚಿನೊಂದಿಗೆ ಅಮೋನಿಯಾ ಇರುವ ದ್ರಾವಣವನ್ನು ಬೆರೆಸಿದರೆ ವಿಷಾನಿಲ ಹುಟ್ಟುತ್ತದೆಯಾದ್ದರಿಂದ ಆ ಸಾಹಸಕ್ಕೆ ನಾನು ಕೈಹಾಕಲಿಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ಪೆನಿಸಿಲಿನ್ ದೊರೆತದ್ದು ಬೂಷ್ಟಿನಿಂದಲೇ ಎಂದು ಮಗಳು ಅದರ ಪರವಾಗಿ ವಕಾಲತ್ತು ವಹಿಸಿದಳು. ನಮ್ಮ ಬೂಷ್ಟು ಅವಳ ತಮ್ಮನಿಗೆ ಕೊಟ್ಟದ್ದು ರಾತ್ರಿಯ ಕೆಮ್ಮನ್ನು ಮಾತ್ರ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2009ರ ಮಾರ್ಗಸೂಚಿಯಲ್ಲಿ ಹೇಳಿದೆ.

ವ್ಯಾಜ್ಯ ತೀರಲು ಒಂದು ಹಳೆಯ ಪರೀಕ್ಷೆಯಿದೆ. ಗೋಡೆಯ ಮೇಲ್ಮೈಯನ್ನು ಒಣಗಿಸಿ, ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚುಗಳಲ್ಲಿ ಬಿಗಿಯಾಗಿ ಅಂಟಿಸಿ, ಒಂದೆರಡು ದಿನ ಬಿಡಬೇಕು. ಕೋಣೆಯತ್ತ ಇರುವ ಮೈ ಒದ್ದೆಯಾದರೆ ತೇವ ಕೋಣೆಯ ಗಾಳಿಯದು, ಅಂದರೆ ನಮ್ಮದು. ಗೋಡೆಯತ್ತ ಇರುವ ಮೈ ಒದ್ದೆಯಾದರೆ ಅದು ಗೋಡೆಯದು, ಅಂದರೆ ಅವರದು. ಎರಡು ದಿನ ಯಾರೂ ಆ ಹಾಳೆಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಎಲ್ಲರ ಸಮಕ್ಷಮದಲ್ಲಿ ನೋಡಿದರೆ ಎರಡೂ ಕಡೆ ಹನಿಗಳಿದ್ದವು. ಮಾಲೀಕರು ಹೊರಮೈಯ ಚಿತ್ರವನ್ನು ತಮ್ಮ ಫೋನಿನಲ್ಲಿ ತೆಗೆದುಕೊಂಡರು. ನಾನು ಹಾಳೆಯನ್ನು ಬಿಚ್ಚಿ ಒಳಮೈಯ ಚಿತ್ರವನ್ನು ತೆಗೆದುಕೊಂಡೆ.