ಎರಡೇ ದಿನ ಸಾರ್!

‘ಎರಡೇ ದಿನ ಸಾರ್, ಅರ್ಜೆಂಟಾಗಿ ಫಾಸ್ಟರ್ ಬೇಕಿತ್ತು’ ಅಂತ ಆ ಹುಡುಗ ಫೋನಿನಲ್ಲಿ ಕೇಳಿದಾಗ, ಏನನ್ನೋ ಬೇಗ ಬೆಂಗಳೂರಿಗೆ ಮುಟ್ಟಿಸಬೇಕು ಅಂತ ನನಗೆ ಅರ್ಥವಾಯಿತು. ನಮ್ಮ ತುಮಕೂರಿನಲ್ಲಿ ಫಾಸ್ಟ್ ಅಂದರೆ ದಾಬಸ್‌ಪೇಟೆ, ನೆಲಮಂಗಲದಲ್ಲಿ ನಿಲ್ಲದ ಬಸ್ಸು. ಫಾಸ್ಟರ್ ಅಂದರೆ ಅದಕ್ಕಿಂತ ಒಂದು ಕೈ ಮೇಲಿರಬೇಕು ಅಂದುಕೊಂಡು ‘ಬಾರಪ್ಪ’ ಅಂದೆ. ಅರ್ಧ ಗಂಟೆಯಲ್ಲಿ ಸ್ಕೂಟರಿನ ಮುಂದೆ ಸಿಮೆಂಟ್ ಚೀಲ ಇಟ್ಟುಕೊಂಡು ಬಂದ. ಚೀಲ ಅಲ್ಲಾಡುತ್ತಿತ್ತು.

2025ರ ಆಗಸ್ಟ್ 23, ಶ್ರಾವಣದ ಅಮಾವಾಸ್ಯೆ ದಿನ ಬಂದ ಚೀಲ ಅದು. ಈಗ ಅವರೆಕಾಯಿ ಕಾಲ ಮುಗಿದು ಯುಗಾದಿ ಹತ್ತಿರ ಬಂದಿದೆ. ಎರಡು ದಿನ ಇನ್ನೂ ಮುಗಿದಿಲ್ಲ.

ಫಾಸ್ಟರ್ ಅಂದರೆ ಏನು ಅಂತ ಆಮೇಲೆ ತಿಳಿಯಿತು. ಬೀದಿಯಲ್ಲಿ ಸಿಕ್ಕ ನಾಯಿಮರಿಗೆ ಖಾಯಂ ಮನೆ ಸಿಗುವ ತನಕ ಇಟ್ಟುಕೊಂಡು, ಹಾಲು ಹಾಕಿ, ಹುಳದ ಔಷಧಿ ಕುಡಿಸಿ, ಉಚ್ಚೆ ಒರೆಸಿ, ಕೊನೆಗೆ ಯಾರಿಗೋ ಕೊಟ್ಟು ಕಣ್ಣೊರೆಸಿಕೊಳ್ಳುವವನು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ ಹಂಗಾಮಿ ಅಪ್ಪ. ಈ ನಾಡಿನಲ್ಲಿ ಹಂಗಾಮಿ ಅನ್ನುವ ಪದಕ್ಕಿರುವ ಆಯುಷ್ಯ ಖಾಯಂ ಅನ್ನುವ ಪದಕ್ಕಿಲ್ಲ ಅನ್ನುವುದು ನನಗೆ ಹೊಳೆಯಬೇಕಿತ್ತು. ಅತಿಥಿ ಉಪನ್ಯಾಸಕರನ್ನೇ ನೋಡಿ. ತಲೆ ನರೆತರೂ ಅತಿಥಿಗಳೇ. ಅತಿಥಿ ಅಂದರೆ ತಿಥಿ ನೋಡದೆ ಬರುವವನು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು, ತಿಥಿಯಾಗುವ ತನಕ ಅತಿಥಿಯಾಗಿಯೇ ಇರುವವನು ಅಂತ ಹೇಳಿಕೊಟ್ಟಿರಲಿಲ್ಲ.

ಇರಲಿ, ನಾಯಿಗೆ ಬರೋಣ.

ಚೀಲ ಬಂದದ್ದರ ಹಿಂದಿನ ದಿನವಷ್ಟೇ ಸುಪ್ರೀಂ ಕೋರ್ಟ್ ಏನಂದಿತ್ತು ಅನ್ನುವುದನ್ನು ನಿಮಗೆ ನೆನಪಿಸಬೇಕಿಲ್ಲ. ಆಗಸ್ಟ್ 11ರಂದು ‘ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ, ವಾಪಸ್ ಬಿಡಬೇಡಿ’ ಅಂದದ್ದು, 22ರಂದು ‘ಸಂತಾನಹರಣ ಆಪರೇಷನ್ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ’ ಅಂದದ್ದು, ಟೀವಿಯವರು ಎರಡನ್ನೂ ಐತಿಹಾಸಿಕ ತೀರ್ಪು ಅಂದದ್ದು, ಎಲ್ಲ ನೋಡಿದ್ದೀರಿ. ಅದರಲ್ಲಿ ಒಂದು ಮಾತು ಮಾತ್ರ ನನಗೆ ತುಂಬ ಹಿಡಿಸಿತು. ಪ್ರಾಣಿಪ್ರೇಮಿಗಳು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದು, ಆದರೆ ತೆಗೆದುಕೊಂಡ ನಾಯಿ ಮತ್ತೆ ಬೀದಿಗೆ ಬರಬಾರದು, ಅದು ಅರ್ಜಿ ಹಾಕಿದವರ ಹೊಣೆ. ಎಂಥ ಮಾತು! ಸಾಕಿದ ನಾಯಿಯನ್ನು ಬೀದಿಗೆ ಬಿಡಬಾರದು. ಹತ್ತಾರು ಸಾವಿರ ಕೊಟ್ಟು ತಂದ, ಚಳಿ ದೇಶದ ಹಸ್ಕಿ ನಾಯಿಯನ್ನು ಎರಡು ಬೇಸಿಗೆ ಕಳೆದ ಮೇಲೆ ಹೈವೇ ಪಕ್ಕ ಇಳಿಸಿ ಹೋಗುವವರಿಗೆ ಅರ್ಜಿಯೂ ಇಲ್ಲ, ಮುಚ್ಚಳಿಕೆಯೂ ಇಲ್ಲ. ಚೀಲದಲ್ಲಿ ಬಂದ ಮರಿಗೆ ಅನ್ನ ಹಾಕಿದವನಿಗೆ ಮಾತ್ರ ಹೊಣೆ.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಈ ಗಾದೆ ಮಾಡಿದವನು ಯಾವುದೋ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದಿರಬೇಕು. ಕೋರ್ಟು ಸರ್ಕಾರಕ್ಕೆ ಹೇಳಿತು, ಸರ್ಕಾರ ಇಲಾಖೆಗೆ ಹೇಳಿತು, ಇಲಾಖೆ ಸ್ಥಳೀಯ ಸಂಸ್ಥೆಗೆ ಹೇಳಿತು, ಸ್ಥಳೀಯ ಸಂಸ್ಥೆ ‘ಪ್ರಾಣಿಪ್ರೇಮಿಗಳು ಸಹಕರಿಸಬೇಕು’ ಅಂತ ಹೇಳಿತು. ಬಾಲ ಸಿಕ್ಕಿತಲ್ಲ! ಆ ಬಾಲ ನಾನೇ. ಬಾಡಿಗೆ ಮನೆಯ ವರಾಂಡದಲ್ಲಿ ಬಕೆಟ್ಟು, ಹಳೇ ಪಂಚೆ, ಫಿನಾಯಿಲ್ ಹಿಡಿದು ನಿಂತಿದ್ದೇನೆ.

ಚೀಲದಲ್ಲಿ ಐದು ಮರಿಗಳಿದ್ದವು, ಅಮಾನಿಕೆರೆ ಏರಿ ಹತ್ತಿರ ಸಿಕ್ಕವು. ಕಣ್ಣು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಐದೂ ಹೆಣ್ಣು. ನಾಯಿ ಹೆಣ್ಣು ಮರಿಗಳನ್ನೇ ಹಾಕುತ್ತದೆಯೇ? ಇಲ್ಲ. ಯಾರೋ ಕೂತು, ಒಂದೊಂದನ್ನೇ ಎತ್ತಿ, ಅಡಿ ನೋಡಿ, ಗಂಡನ್ನು ಈ ಕಡೆ, ಹೆಣ್ಣನ್ನು ಆ ಕಡೆ ಇಟ್ಟಿದ್ದಾರೆ. ರಾಗಿಯಲ್ಲಿ ಕಲ್ಲು ಆರಿಸುವಷ್ಟು ಶ್ರದ್ಧೆಯಿಂದ ಆರಿಸಿ, ಚೀಲದ ಬಾಯಿಗೆ ದಾರ ಕಟ್ಟಿದ್ದಾರೆ. ಆ ದಾರದ ಗಂಟು ಎಷ್ಟು ಗಟ್ಟಿ ಇತ್ತೆಂದರೆ ಹುಡುಗ ಹಲ್ಲಿನಿಂದ ಬಿಚ್ಚಿದ್ದನಂತೆ.

ಎರಡನೇ ವಾರ ಒಂದು ಮರಿ ಹಾಲು ಬಿಟ್ಟಿತು. ಸಂಜೆಗೆ ವಾಂತಿ, ಬೆಳಗ್ಗೆ ರಕ್ತಭೇದಿ. ಪಾರ್ವೋ, ಮರಿಗಳನ್ನು ಕೊಲ್ಲುವ ವೈರಸ್ ರೋಗ. ಲಸಿಕೆ ಹಾಕಲು ಆರು ವಾರವಾದರೂ ತುಂಬಬೇಕು, ರೋಗ ಅಷ್ಟು ಕಾಯುವುದಿಲ್ಲ. ಡ್ರಿಪ್ ಹಾಕಿಸಲು ಹಸು, ಕುರಿಗಳ ಸಾಲಿನಲ್ಲಿ ನಾನೂ ನಿಂತೆ. ನಾಲ್ಕು ದಿನದಲ್ಲಿ ಮೂರು ಮರಿ ಹೋದವು. ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಆ ವೈರಸ್ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ ಅಂದರು ಡಾಕ್ಟರು. ರಾತ್ರಿ ಹನ್ನೊಂದಕ್ಕೆ ವರಾಂಡ ಉಜ್ಜುತ್ತಾ, ಇಂಥ ಸಾವಿರಾರು ಮರಿಗಳನ್ನು ಒಂದೇ ದೊಡ್ಡಿಗೆ ತುಂಬಿದರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಅಂತ ಟೀವಿಯಲ್ಲಿ ಹೇಳುತ್ತಿದ್ದವರು ನೆನಪಾದರು. ನಿಜ, ಬಗೆಹರಿಯುತ್ತದೆ. ಹೀಗೇ ಬಗೆಹರಿಯುತ್ತದೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ತಮಾಷೆ ಆಮೇಲೆ ಮುಂದುವರಿಸೋಣ. ಬೀದಿನಾಯಿ ಕಚ್ಚಿ ಮಗುವಿನ ಮುಖಕ್ಕೆ ಹೊಲಿಗೆ ಬಿದ್ದರೆ ಆ ತಾಯಿಯ ಮುಂದೆ ಪ್ರಾಣಿದಯೆಯ ಭಾಷಣ ಮಾಡುವ ಮುಖ ನನಗಿಲ್ಲ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಔಷಧಿಯೂ ಇಲ್ಲ. ಆದರೆ ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ ಅಂತ ನಿಯಮ ಬಂದದ್ದು 2001ರಲ್ಲಿ. 2023ರಲ್ಲಿ ಅದನ್ನೇ ಹೊಸದಾಗಿ ಬರೆದರು. ನಾಯಿಯ ಬಸಿರು ಎರಡೇ ತಿಂಗಳು. ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಬಸಿರು ಅಂತ ಲೆಕ್ಕ ಹಾಕುವ ಚೈತನ್ಯ ನನಗಿಲ್ಲ. ಚೀಲ ಕಟ್ಟಿದವನ ಮನೆಯ ಹೆಣ್ಣುನಾಯಿಗೆ ಒಂದು ಆಪರೇಷನ್ ಆಗಿದ್ದರೆ ಈ ಐದು ಹುಟ್ಟುತ್ತಲೇ ಇರಲಿಲ್ಲ. ಒಂದು ಆಪರೇಷನ್. ಅಷ್ಟೇ ಕಣ್ರೀ.

ಉಳಿದದ್ದು ಎರಡು. ‘ಹೆಸರಿಡಬೇಡಿ ಸಾರ್, ಹಚ್ಚಿಕೊಳ್ತೀರ’ ಅಂದಿದ್ದ ಹುಡುಗ. ವಾಟ್ಸಾಪ್ ಗುಂಪಿನಲ್ಲಿ ಮರಿಗಳಿಗೆ ನಂಬರ್ ಮಾತ್ರ. ಐದನೇ ನಂಬರಿನ ಮರಿ ಕಂದು ಬಿಳುಪು, ನೋಡಲು ಲಕ್ಷಣವಾಗಿತ್ತು. ಫೋಟೋ ಹಾಕಿದ ವಾರದಲ್ಲಿ ಸಂಬಂಧ ಕುದುರಿ ಯಲಹಂಕಕ್ಕೆ ಹೋಯಿತು. ಮೂರನೇ ನಂಬರಿನದು ಕಪ್ಪು, ಅಪ್ಪಟ ಇದ್ದಿಲು. ಹೆಸರಿಡಬಾರದು ಅಂತ ನಾನೂ ‘ಮೂರು, ಮೂರು’ ಅಂತಲೇ ಕರೆಯುತ್ತಿದ್ದೆ. ನಮ್ಮಮ್ಮ ಒಂದು ದಿನ ‘ಹೆಣ್ಣುಮಗೂನ ಹಂಗೆಲ್ಲಾ ಬರೀ ಲೆಕ್ಕದಲ್ಲಿ ಕರೀಬಾರ್ದು’ ಅಂತ ಹೇಳಿ ಮೂರಮ್ಮ ಅಂದುಬಿಟ್ಟರು. ಗಡಿಯಲ್ಲಿ ನಿಂತ ಗ್ರಾಮದೇವತೆಯ ಹೆಸರಿನ ಹಾಗಿತ್ತು. ಅದೇ ನಿಂತಿತು.

ಮೂರಮ್ಮನಿಗೆ ವರಾನ್ವೇಷಣೆ, ಅಂದರೆ ಮನೆ ಹುಡುಕುವುದು, ಶುರುವಾಯಿತು. ಈ ಜಿಲ್ಲೆಯಲ್ಲಿ ಹೆಣ್ಣು ಹೆತ್ತವರ ಕಷ್ಟ ಏನು ಅಂತ ನನಗೆ ತಿಳಿದದ್ದು ಆಗಲೇ. ಫೋನು ಬಂದರೆ ಮೊದಲ ಪ್ರಶ್ನೆ: ‘ಗಂಡಾ ಹೆಣ್ಣಾ?’ ಹೆಣ್ಣು ಅಂದರೆ ಅರ್ಧ ಜನ ಅಲ್ಲೇ ಇಟ್ಟುಬಿಡುತ್ತಿದ್ದರು. ಉಳಿದವರದು ಎರಡನೇ ಪ್ರಶ್ನೆ: ‘ಬಣ್ಣ?’ ಕಪ್ಪು ಅಂದರೆ ಒಂದು ನಿಟ್ಟುಸಿರು. ಒಬ್ಬರು ಅಳೆದು ತೂಗಿ, ‘ದೊಡ್ಡದಾದ ಮೇಲೆ ಸ್ವಲ್ಪ ತಿಳಿಯಾಗುತ್ತಾ?’ ಅಂತ ಕೇಳಿದರು. ಇದನ್ನೂ ದಾಟಿ ಬಂದವರದು ಮೂರನೇ ಪ್ರಶ್ನೆ: ‘ಜಾತಿ ನಾಯೀನಾ?’

ಕನ್ನಡದಲ್ಲಿ ಬೇರೆ ಎಲ್ಲಕ್ಕೂ ಇಂಗ್ಲಿಷ್ ಪದ ತಂದುಕೊಂಡೆವು, ಬ್ರೀಡ್ ಅನ್ನುವುದಕ್ಕೆ ಮಾತ್ರ ನಮ್ಮದೇ ಪದ ಸಿದ್ಧವಾಗಿತ್ತು ನೋಡಿ. ಲ್ಯಾಬ್ರಡಾರ್ ಜಾತಿ ನಾಯಿ, ಪಗ್ ಜಾತಿ ನಾಯಿ, ಜರ್ಮನಿಯಿಂದ ಬಂದ ಕುರಿ ಕಾಯುವ ನಾಯಿಯೂ ಜಾತಿ ನಾಯಿ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದು ಈ ಬಿಸಿಲಿಗೆ, ಈ ಮುದ್ದೆಗೆ ಒಗ್ಗಿದ್ದು ಜಾತಿ ಇಲ್ಲದ್ದು. ಕಳೆದ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಅರವತ್ತು ಪ್ರಶ್ನೆಗಳದ್ದು. ನಮ್ಮ ಮನೆಗೂ ಒಬ್ಬ ಮೇಷ್ಟ್ರು ಬಂದರು. ಮೊಬೈಲಿನ ಆ್ಯಪ್ ತಿರುಗುತ್ತಲೇ ಇತ್ತು, ಮೇಷ್ಟ್ರು ಬೆವರುತ್ತಲೇ ಇದ್ದರು. ಮೂರಮ್ಮ ಅವರ ಚಪ್ಪಲಿಯ ಪಟ್ಟಿ ಕಡಿಯುತ್ತಾ ಕೂತಿದ್ದಳು. ಸರ್ವರ್ ಸಿಗುವ ತನಕ ಸುಮ್ಮನಿರಲಾರದೆ ಮೇಷ್ಟ್ರು ಕೇಳಿದರು, ‘ಇದು ಯಾವ ಜಾತಿ ಸಾರ್?’ ಅರವತ್ತೊಂದನೇ ಪ್ರಶ್ನೆ. ಅಮ್ಮ ಒಳಗಿಂದಲೇ ‘ಗೊತ್ತಿಲ್ಲ ಅಂತ ಬರ್ಕೊಳಪ್ಪ, ನಮ್ಮತ್ರ ಸರ್ಟಿಫಿಕೇಟ್ ಇಲ್ಲ’ ಅಂದರು.

ನವೆಂಬರಿನಲ್ಲಿ ಬೆಂಗಳೂರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹೆಣ್ಣಾದರೂ ಪರವಾಗಿಲ್ಲ, ಕಪ್ಪಾದರೂ ಪರವಾಗಿಲ್ಲ, ಜಾತಿ ನೋಡುವುದಿಲ್ಲ. ನನಗೆ ಕಣ್ಣು ತುಂಬಿ ಬಂತು. ವಿಡಿಯೋ ಕಾಲಿನಲ್ಲಿ ಹುಡುಗಿ ತೋರಿಸುವ ಶಾಸ್ತ್ರ. ಆ ಕಡೆಯವರು ‘ಸಿಟ್’ ಅಂದರು. ಮೂರಮ್ಮ ನಿಂತಳು. ‘ಸ್ಟೇ’ ಅಂದರು. ನಡೆದಳು. ‘ಕಮ್’ ಅಂದಾಗ ಹಿತ್ತಲಿಗೆ ಹೋದಳು. ನಾನು ಗಾಬರಿಯಾಗಿ ‘ಕೂತ್ಕೋ ಮೂರಮ್ಮ’ ಅಂದೆ, ಓಡಿಬಂದು ಕೂತಳು. ‘ಓ, ಕನ್ನಡ ಮಾತ್ರ ಬರೋದಾ?’ ಅಂದರು ಆ ಕಡೆಯವರು, ಬೇಸರವೇನೂ ಇಲ್ಲದ ದನಿಯಲ್ಲಿ, ಕನ್ನಡದಲ್ಲೇ. ಅವರ ಮನೆಯಲ್ಲಿ ಮಕ್ಕಳು ನಾಯಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾರಂತೆ, ಹೊಂದಿಕೊಳ್ಳುವುದು ಅದಕ್ಕೇ ಕಷ್ಟವಾಗಬಹುದಂತೆ. ಸರ್ಕಾರಿ ಕನ್ನಡ ಶಾಲೆಗೆ ಯಾಕೆ ಮಕ್ಕಳು ಬರುವುದಿಲ್ಲ ಅಂತ ವರದಿ ಬರೆಯುವವರು ನನ್ನನ್ನು ಒಂದು ಮಾತು ಕೇಳಬಹುದು.

ಗುಂಪಿನವರ ಬೆಂಬಲಕ್ಕೆ ಕೊರತೆ ಇಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೂರಮ್ಮನ ಫೋಟೋ ಹಾಕಿದರೆ ಹತ್ತು ನಿಮಿಷದಲ್ಲಿ ಕೆಂಪು ಹೃದಯಗಳ ರಾಶಿ. ‘ಅಯ್ಯೋ ಕಂದ.’ ‘ಶೇರ್ಡ್.’ ‘ನಮ್ಮದು ಅಪಾರ್ಟ್‌ಮೆಂಟು, ಇಲ್ಲಾಂದ್ರೆ ನಾನೇ ತಗೋತಿದ್ದೆ.’ ‘ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಸಾರ್.’ ಆಪರೇಷನ್ನಿಗೆ ಕರೆದುಕೊಂಡು ಹೋಗಲು ಒಂದು ಕಾರು ಬೇಕಿತ್ತು ಅಂತ ಹಾಕಿದ ದಿನ ಗುಂಪಿನಲ್ಲಿ ಎಂಥ ಪ್ರಶಾಂತತೆ! ಸಿದ್ಧಗಂಗೆಯ ಬೆಟ್ಟದ ಮೇಲೆ ನಸುಕಿನಲ್ಲಿ ನಿಂತ ಹಾಗಿತ್ತು.

ಆಪರೇಷನ್ ಆಯಿತು, ಆಟೋದಲ್ಲೇ.

ಇಷ್ಟರಲ್ಲಿ ಸುಪ್ರೀಂ ಕೋರ್ಟಿನ ನವೆಂಬರ್ 7ರ ಆದೇಶ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸೇರಿಸಿ, ಅದೇ ಜಾಗಕ್ಕೆ ಮತ್ತೆ ಬಿಡಬೇಡಿ, ಬೇಲಿ ಹಾಕಿ, ನಾಯಿ ಒಳಗೆ ಬಾರದಂತೆ ನೋಡಲು ನೋಡಲ್ ಅಧಿಕಾರಿಯನ್ನು ನೇಮಿಸಿ. ನೋಡಲು ನೋಡಲ್! ಕನ್ನಡದ್ದೇ ಪದ ಅಂದುಕೊಂಡು ಎಷ್ಟೋ ಹೊತ್ತು ಖುಷಿಪಟ್ಟೆ. ಜಾತಿ ಬರೆದುಕೊಂಡು ಹೋದ ಮೇಷ್ಟ್ರೇ ಮೊಟ್ಟೆ ಎಣಿಸಬೇಕು, ಶೂ ಅಳತೆ ತೆಗೆಯಬೇಕು, ಈಗ ಗೇಟಿನಲ್ಲಿ ನಿಂತು ‘ಹಚ್ಚಾ’ ಅನ್ನಬೇಕು. ನಡುವೆ ಬಿಡುವಾದರೆ ಮಗ್ಗಿ. ಆಶ್ರಯತಾಣ ಎಲ್ಲಿದೆ ಅಂತ ನಾನೂ ಒಂದು ಕಚೇರಿಗೆ ಫೋನು ಮಾಡಿದೆ, ಯಾವ ಕಚೇರಿ ಅಂತ ಕೇಳಬೇಡಿ. ‘ಜಾಗ ಗುರುತಿಸ್ತಾ ಇದ್ದೀವಿ. ಅಲ್ಲೀತಂಕ ಯಾರಾದ್ರೂ ಪ್ರಾಣಿಪ್ರೇಮಿಗಳ ಹತ್ರ ಇಡ್ಸಿ’ ಅಂದರು. ನಾನೇ ಆ ಪ್ರಾಣಿಪ್ರೇಮಿ ಅಂದೆ. ‘ಹಂಗಾದ್ರೆ ಸರಿಹೋಯ್ತಲ್ಲ ಸಾರ್’ ಅಂದರು, ಬಹಳ ಸಂತೋಷದಿಂದ.

ಊಟದ ವಿಷಯ ಮೂರಮ್ಮನಿಗೆ ಹೇಳಿಲ್ಲ. ಕಳೆದ ಜುಲೈಯಲ್ಲಿ ಬೆಂಗಳೂರಿನ ಪಾಲಿಕೆ ಐದು ಸಾವಿರ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕಲು ವರ್ಷಕ್ಕೆ 2.88 ಕೋಟಿಯ ಯೋಜನೆ ಮಾಡಿತ್ತಲ್ಲ, ತಲೆಗೆ 150 ಗ್ರಾಂ ಕೋಳಿ ಅಂತ. ಎಪ್ಪತ್ತು ಕಿಲೋಮೀಟರ್ ಆಚೆ ಹುಟ್ಟಿದ್ದರೆ ಸಾಕಿತ್ತು. ಇಲ್ಲಿ ಮುದ್ದೆ, ಮಜ್ಜಿಗೆ, ಭಾನುವಾರ ಕಾಲುಮೂಳೆ. ಬೀದಿನಾಯಿ ಕಚ್ಚಿದರೆ ಸರ್ಕಾರ 5,000 ಕೊಡುತ್ತದೆ, ಅದರಲ್ಲಿ 3,500 ಕೈಗೆ, ಒಂದು ಸಲ ಕಚ್ಚಿಸಿಕೊಂಡುಬಿಡು, ಲಸಿಕೆ ಖರ್ಚು ಹುಟ್ಟುತ್ತದೆ ಅಂತ ಗೆಳೆಯನೊಬ್ಬ ಉಪಾಯ ಹೇಳಿದ. ಆದರೆ ಇವಳು ಬೀದಿಯವಳೂ ಅಲ್ಲ, ಮನೆಯವಳೂ ಅಲ್ಲ. ಹಂಗಾಮಿ ನಾಯಿ ಕಚ್ಚಿದರೆ ಯಾವ ಲೆಕ್ಕಶೀರ್ಷಿಕೆ?

ಮನೆ ಓನರ್ ಆಂಟಿ ಮಾತ್ರ ಮೊದಲಿಂದಲೂ ಸ್ಪಷ್ಟ. ‘ನಾಯಿ ಗೀಯಿ ಇಟ್ಕೊಳ್ಳಂಗಿಲ್ಲ ಅಂತ ಕರಾರಲ್ಲೇ ಬರ್ಸಿದ್ದೆ.’ ಅವರ ಮನೆದೇವರು ಮೈಲಾರಲಿಂಗ. ವರ್ಷಕ್ಕೊಮ್ಮೆ ಗೊರವಯ್ಯನವರನ್ನು ಕರೆಸಿ ದೋಣಿ ಸೇವೆ ಮಾಡಿಸುತ್ತಾರೆ. ಆ ದೇವರ ಭಕ್ತರಾದ ಗೊರವರು ನಾಯಿಯ ಹಾಗೆ ಬೊಗಳುತ್ತಾ ದೋಣಿ ಅನ್ನುವ ಪಾತ್ರೆಗೆ ಬಾಯಿ ಹಾಕಿ ಉಂಡರೆ ಆಂಟಿ ಸೆರಗೊಡ್ಡಿ ಅಡ್ಡಬೀಳುತ್ತಾರೆ. ನಿಜವಾದ ನಾಯಿ ಬೊಗಳಿದರೆ ಮೂರು ತಿಂಗಳ ನೋಟಿಸು. ನೋಟಿಸಿನ ಗಡುವು ಮುಗಿಯಲು ಇನ್ನು ಹದಿನೈದು ದಿನ ಇತ್ತು, ಕಳೆದ ಗುರುವಾರ ಬೆಳಗ್ಗೆ ಆಂಟಿ ತಾವೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಂದು ಬಟ್ಟಲು ಹಾಲು.

‘ಧರ್ಮಸ್ಥಳಕ್ಕೆ ಹೊರಟಿದ್ದೀವಿ. ಆ ಕಡೆ ಬೀದೀಲಿ ಮೊನ್ನೆ ಬೀಗ ಒಡೆದವ್ರಂತೆ. ನಿಮ್ಮ ಮೂರಮ್ಮನ್ನ ನಮ್ಮ ಬಾಗ್ಲಲ್ಲಿ ಮಲಗುಸ್ತೀರಾ? ಎರಡೇ ದಿನ.’

‘ಹೆಣ್ಣು ನಾಯಿ ಆಂಟಿ. ಕಪ್ಪು. ಜಾತಿ ಗೀತಿ ಇಲ್ಲ.’

‘ಅಯ್ಯೋ ಬುಡಿ, ಬೊಗಳ್ತದಲ್ಲ!’

ಆಂಟಿ ಹೋಗಿ ಇವತ್ತಿಗೆ ಐದು ದಿನ.