ಸಫಾರಿಗೆ ಬಂದವರ ಉಪದೇಶ ಕೇಳಿ ಕೇಳಿ ಸಾಕಾಗಿದೆ

ಬಸ್ಸಿನಲ್ಲಿ ಪಕ್ಕದವರು ಯಾವೂರು ಎಂದು ಕೇಳಿದರೆ ಈಗೀಗ ಬಾಯಿ ಬಿಡಲು ಮನಸ್ಸಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಪೋಡಿನವನು, ಅಂದರೆ ಕಾಡಿನೊಳಗಿನ ಹಾಡಿಯವನು, ಸೋಲಿಗ ಬುಡಕಟ್ಟಿನವನು ಎಂದರೆ ಸಾಕು, ಪಾಠ ಶುರು. ‘ನೀವೆಲ್ಲ ಹೊರಗೆ ಬಂದುಬಿಟ್ಟರೆ ಕಾಡಾದರೂ ಉಳಿಯುತ್ತದೆ, ಅಲ್ಲವೇ?’ ಮೊನ್ನೆ ಹೀಗೆ ಕೇಳಿದ ಮಹಾನುಭಾವರು ಚಿಪ್ಸ್ ತಿಂದು ಮುಗಿಸಿ ಖಾಲಿ ಪೊಟ್ಟಣವನ್ನು ಕಿಟಕಿಯಾಚೆ ತೂರಿದರು. ಅವರು ಹುಲಿ ನೋಡಲು ಬಂದವರಂತೆ. ನಾವು ಹುಲಿದೇವರು ಹುಲಿವೀರಪ್ಪನಿಗೆ ಕೈಮುಗಿಯುವ ಜನ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಹೇಳಿದರೆ ಅದನ್ನೂ ಫೋಟೊ ತೆಗೆಯಲು ಕೇಳುತ್ತಾರೆ.

ಕಾಡು ಹಾಳಾಗಿದೆ, ನಿಜ. ಹಾಳು ಮಾಡಿದ್ದು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ನಮ್ಮ ತಾತಂದಿರ ಕಾಲದಲ್ಲಿ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಉದುರಿದ ಎಲೆ ಮಾತ್ರ ಸುಡುವ, ಮೊಣಕಾಲೆತ್ತರಕ್ಕೂ ಏರದ ಬೆಂಕಿ ಅದು. ಸುಟ್ಟ ಜಾಗದಲ್ಲಿ ಮಳೆಗೆ ಎಳೆ ಹುಲ್ಲು ಬರುತ್ತಿತ್ತು, ಅದಕ್ಕೆ ಕಾಟಿ, ಕಡವೆ ಬರುತ್ತಿದ್ದವು, ಅವುಗಳ ಹಿಂದೆ ಹುಲಿ. 1974ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದರು. ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಆಮೇಲೆ ಹಬ್ಬಿದ್ದು ಲಂಟಾನ. ಬ್ರಿಟಿಷರು ಉದ್ಯಾನದ ಅಂದಕ್ಕೆಂದು ಅಮೆರಿಕದ ಕಡೆಯಿಂದ ತರಿಸಿದ ಗಿಡ ಇಂದು ಎಷ್ಟು ದಟ್ಟವಾಗಿದೆಯೆಂದರೆ, ಅದರೊಳಗೆ ಆನೆ ನಿಂತಿದ್ದರೂ ಹತ್ತಡಿ ದೂರದಿಂದ ಕಾಣುವುದಿಲ್ಲ. ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅಳೆದರು. ಹೆಚ್ಚುಕಡಿಮೆ ಎರಡರಷ್ಟು ಜಾಗಕ್ಕೆ ಅದು ಹಬ್ಬಿತ್ತು.

ನೆಲ್ಲಿಮರದ ಗತಿ ನೋಡಿ. ಕೊಂಬೆಯ ಮೇಲೆ ಉಪ್ಪಿಲು ಎಂಬ ಬಂದಳಿಕೆ ಕೂತು ಮರದ ರಸವನ್ನೇ ಹೀರುತ್ತದೆ. ಹಿಂದೆ ತರಗು ಬೆಂಕಿಯ ಶಾಖಕ್ಕೆ ಅದು ಒಣಗಿ ಹೋಗುತ್ತಿತ್ತು ಎಂದು ಹಿರಿಯರು ಅಂದಿನಿಂದಲೂ ಹೇಳುತ್ತಾ ಬಂದರು. ಕೇಳಿದವರು ಯಾರು? ಓದುಬರಹ ಬಾರದವರ ಮಾತು ಎಂದು ತಳ್ಳಿಹಾಕಿದರು. ಬೆಂಗಳೂರಿನಿಂದ ಬಂದವರು ಅದನ್ನೇ ಇಂಗ್ಲಿಷಿನಲ್ಲಿ ಬರೆದ ಮೇಲೆ ಅದು ಜ್ಞಾನವಾಯಿತು.

ಇನ್ನು ಕಾನೂನಿನ ಕಥೆ. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ, ಪಾಚಿ ಯಾವುದನ್ನೂ ಮಾರಾಟಕ್ಕೆ ತೆಗೆಯಬಾರದೆಂದು ಅರಣ್ಯ ಇಲಾಖೆಯವರು ತಡೆದರು. ಅದೇ ವರ್ಷದ ಕೊನೆಯಲ್ಲಿ ಕಾಡಿನ ಜನರಿಗೆ ಕಾಡಿನ ಉತ್ಪನ್ನ ತೆಗೆದು ಮಾರುವ ಹಕ್ಕನ್ನೂ ಕೊಡುವ ಅರಣ್ಯ ಹಕ್ಕು ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಆ ಕಾಯ್ದೆಯಡಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ಕಿತು. ಹಕ್ಕುಪತ್ರ ಬಂದ ದಿನ ಪೋಡಿನಲ್ಲಿ ಹಬ್ಬ. ಈಗ ಜೇನಿಗೆ ಹೊರಟರೆ ಅದರ ಜೆರಾಕ್ಸ್ ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು. ಗೇಟಿನಲ್ಲಿ ನಿಂತವರ ಮನಸ್ಸು ಸರಿಯಿಲ್ಲದ ದಿನ ಆ ಪ್ರತಿಯೂ ಸಾಲದು, ಮೂಲಪತ್ರ ತಾ ಎನ್ನುತ್ತಾರೆ. ನಮ್ಮ ಪಕ್ಕದಲ್ಲೇ ಸಫಾರಿ ಜೀಪು ಧೂಳೆಬ್ಬಿಸಿಕೊಂಡು ಒಳಗೆ ಹೋಗುತ್ತದೆ.

ತಮಾಷೆ ಏನೆಂದರೆ, ಆ ಲಂಟಾನವನ್ನು ಕೀಳಲು ದಿನಗೂಲಿಗೆ ಕರೆಯುವುದೂ ನಮ್ಮನ್ನೇ. ಬೇರುಸಮೇತ ತೆಗೆಯದಿದ್ದರೆ ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ, ಮರುವರ್ಷ ಮತ್ತೆ ಕರೆಯುತ್ತಾರೆ. ತರಗು ಬೆಂಕಿಯ ಮಾತೆತ್ತಿದರೆ ಮಾತ್ರ, ಕೇಸು ಹಾಕುತ್ತೇವೆ, ಹುಷಾರ್ ಎನ್ನುತ್ತಾರೆ.