ಬ್ಯಾಟರಿಗೆ ಕಾಯಿಸಿ ಆರಿಸಿದ ನೀರು

ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಅದರಲ್ಲೇನೂ ವಿಶೇಷವಿಲ್ಲ. ಆದರೆ ಹತ್ತೇ ನಿಮಿಷಕ್ಕೆ ಯುಪಿಎಸ್ಸೂ ಕೀಂ ಕೀಂ ಅಂತ ಅತ್ತು ಕಣ್ಣು ಮುಚ್ಚಿತು. ಇಬ್ಬರು ಹುಡುಗರು ಏದುಸಿರು ಬಿಡುತ್ತ ಎರಡನೇ ಮಹಡಿಗೆ ಹೊತ್ತು ತಂದಿದ್ದ 150 ಎಎಚ್ ಟ್ಯೂಬುಲರ್ ಬ್ಯಾಟರಿ!

"ನೀರು ನೋಡಿದ್ರೇನ್ರೀ?" ಕತ್ತಲಲ್ಲೇ ಹೆಂಡತಿಯ ವಿಚಾರಣೆ ಶುರುವಾಯಿತು. ನಾನೇಕೆ ನೋಡಲಿ, ಅದು ಅಪ್ಪನ ಖಾತೆ.

ಬೆಳಿಗ್ಗೆ ಟ್ರಾಲಿ ಎಳೆದೆ. ಆರೂ ಬಿರಡೆಗಳ ತೇಲುಕಡ್ಡಿ ಹಸಿರು ಗೆರೆಯನ್ನೂ ದಾಟಿ ತಲೆಯೆತ್ತಿ ನಿಂತಿವೆ. ಪಕ್ಕದಲ್ಲೇ ಡಿಸ್ಟಿಲ್ಡ್ ವಾಟರ್ ಕ್ಯಾನು, ಸೀಲೂ ಒಡೆದಿಲ್ಲ.

"ಅಪ್ಪಾ, ಯಾವ ನೀರು ಹಾಕಿದ್ರಿ?"

"ನಾವು ಕುಡಿಯೋ ನೀರೇ ಕಣೋ. ಅದನ್ನೂ ಕಾಯಿಸಿ ಆರಿಸಿ ಹಾಕಿದೀನಿ."

ಬ್ಯಾಟರಿಗೆ ಗಂಟಲು ಕಟ್ಟೀತೆಂಬ ಕಾಳಜಿ! ಕಾಯಿಸಿದರೆ ಕ್ರಿಮಿ ಸಾಯಬಹುದು, ನೀರಿನ ಲವಣ ಸಾಯುವುದಿಲ್ಲ, ಅದು ಸೀಸದ ಪ್ಲೇಟುಗಳನ್ನು ಹಾಳು ಮಾಡುತ್ತದೆ ಎಂದೆ.

"ಈ ಕ್ಯಾನು ಯಾಕೆ ಒಡೀಲಿಲ್ಲ?"

"ದುಡ್ಡು ಕೊಟ್ಟು ತಂದ ನೀರಲ್ವಾ, ಅವಸರಕ್ಕಿರಲಿ ಅಂತ."

ಕಳೆದ ಆಯುಧಪೂಜೆಯಲ್ಲೂ ಹೀಗೇ. ಬ್ಯಾಟರಿಗೆ ಕುಂಕುಮ ಹಚ್ಚಿ, ಬಿರಡೆಗಳ ಮಗ್ಗುಲಲ್ಲೇ ಊದುಬತ್ತಿ ಸಿಕ್ಕಿಸಿದ್ದರು. ಚಾರ್ಜಾಗುವಾಗ ಹೈಡ್ರೋಜನ್ ಬರುತ್ತೆ, ಕಿಡಿ ತಾಗಿದರೆ ಸಿಡಿಯುತ್ತೆ ಎಂದು ಕಿರುಚಿಕೊಂಡರೆ, "ನಿಮ್ಮ ತಾತ ನೇಗಿಲಿಗೂ ಹಚ್ಚಿದ್ರು, ಸಿಡೀಲಿಲ್ಲ" ಅಂದರು. ಈ ವಾದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಕಂಠಮಟ್ಟ ತುಂಬಿದ್ದು ಚಾರ್ಜಾಗುವಾಗ ಉಕ್ಕಿ, ಟ್ರಾಲಿಯೆಲ್ಲ ಆಸಿಡ್ ಪಸೆ. ಟರ್ಮಿನಲ್ಲಿಗೆ ಹಸಿರು ಬೂಷ್ಟು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅಡುಗೆ ಸೋಡಾ ಕದಡಿದ ಬಿಸಿನೀರಲ್ಲಿ ಉಜ್ಜಿದೆ. ಟರ್ಮಿನಲ್ಲಿಗೆ ಸವರಿ ಸವರಿ ಹೆಂಡತಿಯ ವ್ಯಾಸಲೀನ್ ಡಬ್ಬಿ ಅರ್ಧ ಖಾಲಿಯಾಯಿತು. ಕೈಗೆ ಗ್ಲೌಸು ಹಾಕಿದ್ದ ಜಾಣ ನಾನು, ಲುಂಗಿಯನ್ನು ಮರೆತಿದ್ದೆ. ಒಗೆದು ಒಣಹಾಕುವವರೆಗೂ ಅದು ಲುಂಗಿಯೇ. ಸಂಜೆ ತಂತಿಯಿಂದ ತೆಗೆದರೆ ರವೆ ಜರಡಿ. ಹೆಂಡತಿ ಅದನ್ನು ಕಿಟಕಿಗೆ ಹಿಡಿದು, ತೂತಿನಲ್ಲಿ ಒಂದು ಕಣ್ಣಿಟ್ಟು, "ಎದುರು ಮನೆಯವರು ಬಟ್ಟೆ ಎತ್ತುತಾ ಇದಾರೆ ನೋಡ್ರೀ" ಅಂದಳು.

ಮೆಕ್ಯಾನಿಕ್ ಬಂದು ಹೈಡ್ರೋಮೀಟರಲ್ಲಿ ಒಂದೊಂದೇ ಸೆಲ್ ಹೀರಿ ನೋಡಿದ. "ಆಸಿಡ್ಡಿನ ಸಾಂದ್ರತೆ 1240ರ ಹತ್ತಿರ ಇರಬೇಕು ಸಾರ್. ಇಲ್ಲಿ ಬರೀ ನೀರೇ ಇದೆ."

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಊರಲ್ಲಿ ದಿನಾ ಸಂಜೆ ಲಾಟೀನಿನ ಗಾಜಿಗೆ ಬೂದಿ ಹಚ್ಚಿ ಒರೆಸಿ, ಬತ್ತಿ ಕತ್ತರಿಸಿ ಸಮ ಮಾಡುತ್ತಿದ್ದವರು ಅವರೇ. ನಾನು ಓದಿದ್ದು ಆ ಬೆಳಕಲ್ಲಿ. ಬಯ್ಯಲು ಬಾಯಿ ಬರಲಿಲ್ಲ.

ಮೆಕ್ಯಾನಿಕ್ ಹೋದ ಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಆ ಕ್ಯಾನಿನ ನೀರು ತುಳಸಿಗೆ ಹಾಕ್ಲೇನೋ?"